ಪರೀಕ್ಷಕರಿಗೆ ಹಾಕಿದ ಫ್ಯಾನು

ಕೋವಿಡ್ ತಣ್ಣಗಾದ ಮೇಲಿನ ಎರಡನೆಯ ಬೇಸಿಗೆ ಅದು. ವಡೋದರದ ಒಂದು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ನಾನು ಪ್ರೊಫೆಸರ್ ಆಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಗಂಡನ ನೌಕರಿಯ ಬೆನ್ನು ಹತ್ತಿ ಗುಜರಾತಿಗೆ ಬಂದವಳು ನಾನು. ಬಂದಾಗ ಎರಡು ವರ್ಷ ಇದ್ದು ಹೋಗೋಣ ಅಂದುಕೊಂಡಿದ್ದೆವು. ಆಮೇಲೆ ಹೊರಡುವ ಮಾತನ್ನು ಇಬ್ಬರೂ ಎತ್ತಲಿಲ್ಲ. ವಿಭಾಗದಲ್ಲಿ ಜವಾನರಿಂದ ಹಿಡಿದು ಮುಖ್ಯಸ್ಥರ ತನಕ ನನ್ನನ್ನು ವಿಮಲಾಬೆನ್ ಎಂದೇ ಕರೆಯುತ್ತಿದ್ದರು. ಬೆನ್ ಅಂದರೆ ಅಕ್ಕ. ಬೆನ್ನ ಹಿಂದೆ ಇನ್ನೇನೇನು ಕರೆಯುತ್ತಿದ್ದರೋ, ನಾನು ವಿಚಾರಿಸಲು ಹೋಗಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು.

ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ನಾನು ಕಲಿಸುತ್ತಿದ್ದುದು ಸ್ಟ್ಯಾಟಿಸ್ಟಿಕಲ್ ಮತ್ತು ಥರ್ಮಲ್ ಫಿಸಿಕ್ಸ್. ಹೆಸರು ಕೇಳಿದೊಡನೆ ಮಕ್ಕಳ ಮುಖ ಸಣ್ಣದಾಗುವ ಪೇಪರು. ಓದುಗರಿಗೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ಲೋಟ ನೀರಿನಲ್ಲಿ ಲೆಕ್ಕಕ್ಕೆ ಸಿಗದಷ್ಟು ಅಣುಗಳಿರುತ್ತವೆ. ಒಂದೊಂದರ ಹಿಂದೆ ಓಡುತ್ತ ಅದು ಎಲ್ಲಿಗೆ ಹೋಯಿತು, ಎಷ್ಟು ವೇಗದಲ್ಲಿ ಹೋಯಿತು ಎಂದು ಬರೆದಿಡುವುದು ಯಾರ ಕೈಯಲ್ಲೂ ಆಗುವ ಮಾತಲ್ಲ. ಆದರೆ ಆ ಗುಂಪು ಒಟ್ಟಾರೆ ಹೇಗೆ ನಡೆದುಕೊಳ್ಳುತ್ತದೆಂದು ನಿಖರವಾಗಿ ಹೇಳಬಹುದು. ಬಿಸಿ, ಒತ್ತಡ ಎಂದು ನಾವು ಕರೆಯುವುದೆಲ್ಲ ಆ ಗುಂಪಿನ ನಡತೆಯೇ.

ಮೊದಲ ತರಗತಿಯಲ್ಲಿ ಇದನ್ನು ಹೇಳಿ, ಯಾರಾದರೂ ತಮ್ಮ ಅನುಭವದಿಂದ ಒಂದು ಉದಾಹರಣೆ ಕೊಡಿ ಎಂದು ಪ್ರತಿವರ್ಷ ಕೇಳುತ್ತಿದ್ದೆ. ಪ್ರತಿವರ್ಷವೂ ಮಕ್ಕಳು ನೆಲ ನೋಡುತ್ತಿದ್ದರು. ಆ ಬ್ಯಾಚಿನಲ್ಲಿ ಮಾತ್ರ ಮೂರನೆಯ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತು, ತನ್ನ ಅಪ್ಪನಿಗೆ ಅಹಮದಾಬಾದಿನ ನವರಂಗಪುರದಲ್ಲಿ ಹೋಟೆಲ್ ಇದೆ ಎಂದಳು. ನಾಳೆ ಯಾವ ಗಿರಾಕಿ ಬರುತ್ತಾನೆ, ಏನು ತಿನ್ನುತ್ತಾನೆ ಎಂಬುದು ಅಪ್ಪನಿಗೆ ಗೊತ್ತಿರುವುದಿಲ್ಲವಂತೆ. ಆದರೂ ಇಂದು ಸಂಜೆ ಎಷ್ಟು ಅಕ್ಕಿ ನೆನೆಹಾಕಬೇಕು ಎನ್ನುವುದು ಸರಿಯಾಗಿ ಗೊತ್ತಿರುತ್ತದಂತೆ. ತರಗತಿ ನಕ್ಕಿತು. ನಾನು ನಗಲಿಲ್ಲ. ಅಷ್ಟು ವರ್ಷಗಳಲ್ಲಿ ನನಗೇ ಅಂಥ ಉದಾಹರಣೆ ಹೊಳೆದಿರಲಿಲ್ಲ.

ಅವಳ ಹೆಸರು ಶ್ರಾವ್ಯಾ. ಉಡುಪಿ ಕಡೆಯವರು. ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದಿನಲ್ಲಿ. ನಾನು ಕನ್ನಡದವಳೆಂದು ತಿಳಿದ ದಿನ ಸ್ಟಾಫ್ ರೂಮಿಗೆ ಬಂದು, ಗುಜರಾತಿ, ಹಿಂದಿ, ಇಂಗ್ಲಿಷು ಸೇರಿಸಿಕೊಂಡು ಹೇಗೋ ಕನ್ನಡದಲ್ಲೇ ಮಾತಾಡಿದಳು. ಅವಳದು ಊರಿನ ಅಜ್ಜಿಯಿಂದ ಫೋನಿನಲ್ಲಿ ಕಲಿತ ಕರಾವಳಿಯ ಕನ್ನಡ, ನನ್ನದು ಧಾರವಾಡದ್ದು. ನಾನು ಹೇಳಿದ್ದರಲ್ಲಿ ಅರ್ಧ ಅವಳಿಗೆ ತಿಳಿಯುತ್ತಿರಲಿಲ್ಲ. ತಿಳಿದವಳಂತೆ ತಲೆ ಆಡಿಸುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ರಜೆ ಮುಗಿಸಿ ಬರುವಾಗಲೆಲ್ಲ ಹೋಟೆಲಿನ ಕೊಬ್ಬರಿ ಮಿಠಾಯಿಯ ಪೊಟ್ಟಣವೊಂದು ನನ್ನ ಮೇಜಿನ ಮೇಲೆ ಬಂದು ಕೂರುತ್ತಿತ್ತು.

ಹಾಸ್ಟೆಲಿನಲ್ಲಿ ಅವಳ ಕೋಣೆಯ ಜೊತೆಗಾತಿ ಹಿರಲ್. ಸೂರತ್ತಿನ ಹುಡುಗಿ. ಅಪ್ಪ ಮಗ್ಗದ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಬುದ್ಧಿವಂತೆ, ಆದರೆ ಪರೀಕ್ಷೆ ಎಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಮೂರನೇ ಸೆಮಿಸ್ಟರಿನಲ್ಲಿ ನನ್ನ ಪೇಪರಿನಲ್ಲೇ ಫೇಲಾಗಿದ್ದಳು. ಎ.ಟಿ.ಕೆ.ಟಿ. ಎನ್ನುತ್ತಾರೆ ಅಲ್ಲಿ. ಫೇಲಾದ ವಿಷಯವನ್ನು ಬೆನ್ನಿಗೆ ಕಟ್ಟಿಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗುವ ಅನುಮತಿ. ಶ್ರಾವ್ಯಾ ಅವಳನ್ನು ಕ್ಯಾಂಪಸ್ಸಿನ ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದುದನ್ನು ನಾನು ಎಷ್ಟೋ ಸಂಜೆ ಮನೆಗೆ ಹೊರಡುವಾಗ ನೋಡಿದ್ದೇನೆ. ಇಬ್ಬರ ನಡುವೆ ಒಂದೇ ಸೇವ್ ಉಸಳ್ ಪ್ಲೇಟು, ಎರಡು ಚಮಚ. ಈಗ ವಡೋದರ ನೆನೆದರೆ ನನಗೆ ಅರಮನೆಯಾಗಲಿ ಸಯಾಜಿ ಬಾಗಾಗಲಿ ನೆನಪಾಗುವುದಿಲ್ಲ, ಆ ಕಟ್ಟೆ ನೆನಪಾಗುತ್ತದೆ.

ಆ ಬ್ಯಾಚಿನ ಒಂದು ಕಷ್ಟವನ್ನು ಇಲ್ಲಿ ಹೇಳಲೇಬೇಕು. ಅವರು ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಕ್ಟಿಕಲ್ಲುಗಳನ್ನು ಲಾಕ್‌ಡೌನಿನಲ್ಲಿ, ಮನೆಯಲ್ಲಿ ಕೂತು, ಮೊಬೈಲಿನಲ್ಲಿ ಮಾಡಿದವರು. ಮೇಷ್ಟ್ರು ವಿಡಿಯೊ ಕಳಿಸುತ್ತಿದ್ದರು, ರೀಡಿಂಗುಗಳನ್ನೂ ಅವರೇ ಕಳಿಸುತ್ತಿದ್ದರು. ಮಕ್ಕಳು ಸೂತ್ರಕ್ಕೆ ಹಾಕಿ ಉತ್ತರ ತೆಗೆಯುತ್ತಿದ್ದರು. ಉತ್ತರ ಯಾವಾಗಲೂ ಪುಸ್ತಕದಲ್ಲಿದ್ದಂತೆಯೇ ಬರುತ್ತಿತ್ತು. ಹೀಗೆ ಕಲಿತವರ ಕೈಗೆ ನಿಜವಾದ ಥರ್ಮಾಮೀಟರ್ ಕೊಟ್ಟರೆ, ಅದು ಬೇರೆಯೇ ಏನೋ ಹೇಳಿದೊಡನೆ, ಉಪಕರಣ ಕೆಟ್ಟಿದೆ ಎನ್ನುತ್ತಿದ್ದರು. ಮೊದಲ ಸೆಮಿಸ್ಟರಿನಲ್ಲಿ ನಾನು ಬೈದು ಬೈದು ಸುಸ್ತಾದೆ. ಲ್ಯಾಬಿನಲ್ಲಿ ಸರಿ ಉತ್ತರ ಬರಿಸುವ ಹಳೆಯ ಕಳ್ಳದಾರಿಯೊಂದಿದೆ. ಪುಸ್ತಕದ ಉತ್ತರ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಮಾಡಿ, ಅದಕ್ಕೆ ಹೊಂದುವಂಥ ರೀಡಿಂಗುಗಳನ್ನು ಬರೆದುಬಿಡುವುದು. ನಮ್ಮ ಕಾಲದಲ್ಲೂ ಇತ್ತು, ಈಗಲೂ ಇದೆ. ಈ ಬ್ಯಾಚಿಗೆ ಅದು ಕಳ್ಳದಾರಿ ಎಂದು ಅನ್ನಿಸುತ್ತಲೂ ಇರಲಿಲ್ಲ.

ನಾಲ್ಕನೇ ಸೆಮಿಸ್ಟರಿನ ಪ್ರಾಕ್ಟಿಕಲ್ ಪರೀಕ್ಷೆ ಮೇ ತಿಂಗಳಲ್ಲಿ ಬಂತು. ಶ್ರಾವ್ಯಾಳಿಗೆ ಅಷ್ಟರಲ್ಲಿ ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಸೀಟು ಸಿಕ್ಕಿತ್ತು. ಷರತ್ತು ಒಂದೇ, ಅದೇ ವರ್ಷ ಎಂ.ಎಸ್ಸಿ. ಮುಗಿದಿರಬೇಕು. ಥಿಯರಿ ಪೇಪರು ಹೋದರೆ ಕೆಲವು ತಿಂಗಳಲ್ಲಿ ಮತ್ತೆ ಬರೆಯಬಹುದು. ಪ್ರಾಕ್ಟಿಕಲ್ ಹೋದರೆ ಹಾಗಲ್ಲ, ಮುಂದಿನ ಬೇಸಿಗೆಯ ತನಕ ಕಾಯಬೇಕು. ಅಂದರೆ ಅಂದು ಬೆಳಿಗ್ಗೆ ಆ ಹುಡುಗಿ ಲ್ಯಾಬಿನೊಳಗೆ ಬಂದಾಗ ಅವಳ ಸೀಟು ಆ ಒಂದು ದಿನದ ಮೇಲೆ ನಿಂತಿತ್ತು.

ಪರೀಕ್ಷೆಗೆ ಇಬ್ಬರು ಪರೀಕ್ಷಕರು. ಒಳಗಿನವಳು ನಾನು, ಹೊರಗಿನವರು ಸೂರತ್ತಿನ ಒಂದು ಕಾಲೇಜಿನ ಹಿರಿಯ ಪ್ರಾಧ್ಯಾಪಕರು. ಅವರನ್ನು ದೇಸಾಯಿ ಸಾಹೇಬರು ಎನ್ನೋಣ. ಅಂಕದ ವಿಷಯದಲ್ಲಿ ಹೊರಗಿನವರ ಮಾತೇ ಕೊನೆಯದು. ದೇಸಾಯಿ ಸಾಹೇಬರು ಶಿಸ್ತಿನ ಮನುಷ್ಯ, ಕಡಿಮೆ ಮಾತು, ಕೈಬಿಗಿ. ಹಿಂದಿನ ವರ್ಷ ಇಬ್ಬರನ್ನು ಮುಲಾಜಿಲ್ಲದೆ ಫೇಲ್ ಮಾಡಿ ಹೋಗಿದ್ದರು. ಅವರ ರೈಲು ಅಂದು ತಡವಾಗಿತ್ತು. ಪರೀಕ್ಷೆಯನ್ನು ಎಂಟು ಗಂಟೆಗೇ ನಾನೊಬ್ಬಳೇ ಶುರು ಮಾಡಿಸಿದೆ. ಮಕ್ಕಳು ಚೀಟಿ ಎತ್ತಿದರು. ಶ್ರಾವ್ಯಾಳಿಗೂ ಹಿರಲ್‌ಗೂ ಬಂದದ್ದು ಒಂದೇ ಪ್ರಯೋಗ, ನಾವು ಡಿಸ್ಕ್ ಪ್ರಯೋಗ ಎನ್ನುತ್ತಿದ್ದುದು. ಅದರ ಎರಡು ಸೆಟ್ಟುಗಳು ಅಕ್ಕಪಕ್ಕದ ಮೇಜಿನ ಮೇಲಿದ್ದವು.

ಶಾಖವನ್ನು ಸುಲಭವಾಗಿ ಹಾಯಲು ಬಿಡದ ವಸ್ತುವಿನ ಮೂಲಕ ಶಾಖ ಎಷ್ಟು ಹರಿಯುತ್ತದೆ ಎಂದು ಅಳೆಯುವ ಪ್ರಯೋಗ ಅದು. ಎರಡು ಹಂತ. ಮೊದಲ ಹಂತದಲ್ಲಿ ಕೆಳಗೆ ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ಪರೀಕ್ಷಿಸಬೇಕಾದ ತೆಳು ಬಿಲ್ಲೆ, ಅದರ ಮೇಲೆ ಆವಿ ತುಂಬಿದ ಡಬ್ಬಿ. ಹಿತ್ತಾಳೆಯ ಬಿಲ್ಲೆಗೊಂದು, ಡಬ್ಬಿಗೊಂದು ಸಿಕ್ಕಿಸಿದ ಎರಡು ಥರ್ಮಾಮೀಟರುಗಳೂ ಅಲುಗಾಡದೆ ಒಂದು ಕಡೆ ನಿಲ್ಲುವ ತನಕ ಕಾಯಬೇಕು. ಎರಡನೆಯ ಹಂತದಲ್ಲಿ ಹಿತ್ತಾಳೆಯ ಬಿಲ್ಲೆಯನ್ನು ಇನ್ನಷ್ಟು ಕಾಯಿಸಿ, ಆರಲು ಬಿಟ್ಟು, ಎಷ್ಟು ಬೇಗ ಆರುತ್ತದೆಂದು ಅರ್ಧರ್ಧ ನಿಮಿಷಕ್ಕೆ ಬರೆದುಕೊಂಡು ಗ್ರಾಫ್ ಹಾಕಬೇಕು. ಎರಡು ಹಂತದಲ್ಲೂ ಸುತ್ತಲ ಗಾಳಿ ಒಂದೇ ಥರ ಇರಬೇಕು. ಅದಕ್ಕೇ ನಮ್ಮ ಲ್ಯಾಬಿನಲ್ಲಿ ಶಾಖದ ಪ್ರಯೋಗ ನಡೆಯುವಾಗ ಆ ಬದಿಯ ಫ್ಯಾನು ಹಾಕುತ್ತಿರಲಿಲ್ಲ. ಮಕ್ಕಳು ಬೆವರೊರೆಸಿಕೊಂಡೇ ಕೆಲಸ ಮಾಡುತ್ತಿದ್ದರು.

ದೇಸಾಯಿ ಸಾಹೇಬರು ಬಂದದ್ದು ಬಿಸಿಲು ನೆತ್ತಿಗೇರುವ ಹೊತ್ತಿಗೆ. ಆಟೊ ಇಳಿದು ಮೆಟ್ಟಿಲು ಹತ್ತಿ ಬರುವಾಗ ಮುಖ ಕೆಂಡವಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮ ಲ್ಯಾಬ್ ಸಹಾಯಕ ರಮಣಭಾಯಿ ಬಹಳ ಮರ್ಯಾದಸ್ಥ. ಗುಜರಾತಿನಲ್ಲಿ ಮನೆಗೆ ಬಂದವರಿಗೆ ಮಾತಿಗಿಂತ ಮೊದಲು ನೀರು ಕೊಡುತ್ತಾರೆ. ರಮಣಭಾಯಿ ನೀರು ಕೊಟ್ಟ, ಕುರ್ಚಿ ಒರೆಸಿದ, ಕುರ್ಚಿಯ ನೇರಕ್ಕೆ ಮೇಲೆ ತೂಗುತ್ತಿದ್ದ ಫ್ಯಾನನ್ನು ಐದರಲ್ಲಿ ತಿರುಗಿಸಿದ, ಚಹಾ ತರಲು ಓಡಿದ. ಪರೀಕ್ಷಕರ ಮೇಜಿನ ಪಕ್ಕದಲ್ಲೇ ಡಿಸ್ಕ್ ಪ್ರಯೋಗದ ಎರಡು ಮೇಜುಗಳು. ಆ ಇಬ್ಬರು ಹುಡುಗಿಯರ ಮೊದಲ ಹಂತ ಅಷ್ಟರಲ್ಲಿ ಮುಗಿದಿತ್ತು. ಎರಡನೆಯ ಹಂತ ಆಗತಾನೆ ಶುರುವಾಗಿತ್ತು.

ನಾನು ಆಗ ಪಕ್ಕದ ಕತ್ತಲೆ ಕೋಣೆಯಲ್ಲಿ ಬೆಳಕಿನ ಪ್ರಯೋಗಗಳನ್ನು ನೋಡಿಕೊಳ್ಳುತ್ತಿದ್ದೆ. ಹೊರಗೆ ಬಂದು ದೇಸಾಯಿ ಸಾಹೇಬರಿಗೆ ನಮಸ್ಕಾರ ಹೇಳಿ ಪಕ್ಕದಲ್ಲಿ ಕುಳಿತಾಗ ಗಾಳಿ ಮೈಗೆ ಹಿತವಾಗಿತ್ತು. ಆ ಹೊತ್ತಿನಲ್ಲಿ ಫ್ಯಾನು ಬೇಡವೆನ್ನುವ ದೇಹ ಗುಜರಾತಿನಲ್ಲಿ ಇನ್ನೂ ಹುಟ್ಟಿಲ್ಲ. ಸುಖದಲ್ಲಿ ಬುದ್ಧಿ ತಡವಾಗಿ ಓಡುತ್ತದೆ. ಆ ಹುಡುಗಿಯರಾದರೂ ಏನು ಮಾಡಬೇಕಿತ್ತು? ಬೇರೆ ಊರಿಂದ ಬಂದ ಹಿರಿಯರು, ಅದರಲ್ಲೂ ಅಂಕ ಕೊಡುವವರು, ಬೆವರಿ ಬಂದು ಕುಳಿತಿರುವಾಗ ವಿದ್ಯಾರ್ಥಿಯೊಬ್ಬಳು ಎದ್ದು ಸಾಹೇಬರ ಫ್ಯಾನು ಆರಿಸಿ ಎನ್ನುವುದುಂಟೇ. ನಮ್ಮ ಮಕ್ಕಳನ್ನು ಹಾಗೆ ಬೆಳೆಸಿಯೇ ಇಲ್ಲ.

ಮಧ್ಯಾಹ್ನ ಒಬ್ಬೊಬ್ಬರಾಗಿ ಉತ್ತರದ ಹಾಳೆ ತಂದು ವೈವಾಕ್ಕೆ ಕುಳಿತರು. ವೈವಾ ಎಂದರೆ ಎದುರು ಕೂರಿಸಿ ಬಾಯಲ್ಲಿ ಕೇಳುವ ಪರೀಕ್ಷೆ. ಹಿರಲ್‌ಳ ಸರದಿ ಮೊದಲು ಬಂತು. ಅವಳ ಉತ್ತರ ಪುಸ್ತಕದಲ್ಲಿದ್ದಂತೆಯೇ ಇತ್ತು. ದೇಸಾಯಿ ಸಾಹೇಬರು ಹಾಳೆ ನೋಡಿ, ವೆರಿ ಗುಡ್ ಎಂದು, ಒಂದೆರಡು ವ್ಯಾಖ್ಯೆ ಕೇಳಿ ಅವಳ ಮೇಜಿಗೆ ವಾಪಸು ಕಳಿಸಿಬಿಟ್ಟರು. ಆಮೇಲೆ ಶ್ರಾವ್ಯಾ. ಅವಳ ಉತ್ತರ ಪುಸ್ತಕದ್ದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟಿತ್ತು.

ಸಾಹೇಬರು ಕನ್ನಡಕ ಏರಿಸಿ ಅವಳನ್ನೇ ನೋಡಿದರು. ಲೆಕ್ಕ ತಪ್ಪಿದೆಯೇ ಎಂದರು. ಅವಳು ಇಲ್ಲ ಎಂದಳು. ಥರ್ಮಾಮೀಟರ್ ಸರಿ ಓದಿದ್ದೀಯಾ? ಹೌದು. ಹಾಗಾದರೆ ಇಷ್ಟು ವ್ಯತ್ಯಾಸಕ್ಕೆ ಕಾರಣ ಏನು? ಅವಳು ತಲೆ ತಗ್ಗಿಸಿ, ಗೊತ್ತಿಲ್ಲ ಸರ್, ನನಗೆ ಬಂದದ್ದು ಇದೇ ಎಂದಳು. ಉಳಿದ ಪ್ರಶ್ನೆಗಳಿಗೆ ಚೆನ್ನಾಗಿಯೇ ಉತ್ತರಿಸಿದಳು, ಆದರೆ ಸಾಹೇಬರ ಪೆನ್ನು ಆಗಲೇ ಮುಚ್ಚಿತ್ತು. ಅವಳು ಎದ್ದು ಹೋದ ಮೇಲೆ ನನ್ನ ಕಡೆ ತಿರುಗಿದರು. ಪಕ್ಕದ ಮೇಜಿನಲ್ಲಿ ಅದೇ ಪ್ರಯೋಗ ಸರಿಯಾಗಿ ಬಂದಿದೆ, ಈ ಹುಡುಗಿಗೆ ದುಪ್ಪಟ್ಟು ಬಂದಿದೆ, ಕಾರಣವೂ ಗೊತ್ತಿಲ್ಲವಂತೆ, ಪಾಸ್ ಮಾಡಲು ತನ್ನ ಮನಸ್ಸು ಒಪ್ಪುವುದಿಲ್ಲ ಎಂದರು.

ಗೊತ್ತಿಲ್ಲ ಎನ್ನುವ ಹುಡುಗಿಯಲ್ಲ ಅವಳು. ಒಂದು ಸಣ್ಣ ಲೆಕ್ಕದಲ್ಲಿ ಚಿಹ್ನೆ ತಪ್ಪಿದರೂ ಮೂರು ಸಲ ನನ್ನ ಬಾಗಿಲು ಬಡಿದವಳು. ಚಹಾ ಕುಡಿದು ಅಂಕ ಬರೆಯೋಣ ಎಂದು ಸಾಹೇಬರಿಗೆ ಹೇಳಿ, ಹೊರಗೆ ಪಡಸಾಲೆಗೆ ಹೋಗಿ ಅವಳನ್ನು ಹಿಡಿದೆ. ಸಿಟ್ಟು ಬಂದಾಗ ನನ್ನ ಬಾಯಲ್ಲಿ ಧಾರವಾಡವೇ ಬರುವುದು.

"ಏನವಾ ಶ್ರಾವ್ಯಾ, ನಿನ್ನ ಉತ್ತರ ದುಪ್ಪಟ್ಟ ಯಾಕ ಬಂತು ಅಂತ ಖರೇನ ಗೊತ್ತಿಲ್ಲೇನು ನಿನಗ?"

ಅವಳು ಕಿಟಕಿಯ ಕಡೆ ತಿರುಗಿದಳು. "ಗೊತ್ತುಂಟು ಮೇಡಂ. ಫ್ಯಾನ್."

ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ಮೊದಲ ಹಂತ ಫ್ಯಾನಿಲ್ಲದೆ, ಎರಡನೆಯದು ಫ್ಯಾನಿನ ಕೆಳಗೆ. ಗಾಳಿಯಲ್ಲಿ ಬಿಲ್ಲೆ ಬೇಗ ಆರಿದೆ, ಉತ್ತರ ಮೇಲಕ್ಕೇರಿದೆ. ತಪ್ಪು ಹುಡುಗಿಯದಲ್ಲ, ಅವಳು ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಅಷ್ಟು ಸರಳ ಕಾರಣ ಬಾಯಲ್ಲಿಟ್ಟುಕೊಂಡು ಒಳಗೆ ಯಾಕೆ ಮೂಕಿಯಂತೆ ಕುಳಿತಿದ್ದೆ ಎಂದು ಗದರಿದೆ.

"ಹೇಳಿದ್ರೆ ಹಿರಲ್‌ದು ಹೇಗೆ ಸರಿ ಬಂತು ಅಂತ ಕೇಳ್ತಾರಲ್ಲ ಮೇಡಂ. ಅವಳ ಮೇಲೂ ಅದೇ ಫ್ಯಾನ್ ಅಲ್ವಾ?"

ಅವಳು ಮೆಲ್ಲಗೆ ಉಳಿದದ್ದನ್ನು ಹೇಳಿದಳು. ಹಿರಲ್‌ಗೂ ಮೊದಲು ದುಪ್ಪಟ್ಟೇ ಬಂದಿತ್ತು. ಅವಳು ಹೆದರಿ, ಪುಸ್ತಕದ ಉತ್ತರ ನೆನಪಿಸಿಕೊಂಡು ಹಿಂದಕ್ಕೆ ಲೆಕ್ಕ ಮಾಡಿ, ರೀಡಿಂಗುಗಳನ್ನೆಲ್ಲ ಅಳಿಸಿ ಬೇರೆ ಬರೆದದ್ದನ್ನು ಶ್ರಾವ್ಯಾ ಪಕ್ಕದಲ್ಲೇ ಕೂತು ನೋಡಿದ್ದಳು. ಪರೀಕ್ಷೆಯಲ್ಲಿ ಅದು ಸಿಕ್ಕಿಬಿದ್ದರೆ ಬರೀ ಫೇಲಲ್ಲ, ಪರೀಕ್ಷೆಯಲ್ಲಿ ಮೋಸ ಮಾಡಿದ ಕಾಪಿ ಕೇಸು. ಹಿರಲ್‌ಳ ಅಪ್ಪ ಮೊದಲೇ, ಇನ್ನೊಂದು ಸಲ ಫೇಲಾದರೆ ಓದು ಸಾಕು ಎಂದಿದ್ದರಂತೆ.

ನಿನ್ನ ಪಿಎಚ್.ಡಿ. ಸೀಟಿನ ಗತಿ ಏನು ಎಂದು ಕೇಳಿದೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ, ಅಪ್ಪ ಬೈಯುವುದಿಲ್ಲ, ಹಿರಲ್‌ಗೆ ಮುಂದಿನ ವರ್ಷ ಅನ್ನುವುದೇ ಇಲ್ಲ ಎಂದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು, ಅಷ್ಟೇ ಜೋರಾಗಿ ಕೆನ್ನೆಗೆ ಒಂದು ಬಿಡಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಒಳಗೆ ನಡಿ ಎಂದೆ.

ಪಡಸಾಲೆಯಿಂದ ಲ್ಯಾಬಿನ ಬಾಗಿಲಿಗೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿ ನಾನು ಅಡಕತ್ತರಿಯ ಬಾಯಲ್ಲಿದ್ದೆ. ಫ್ಯಾನಿನ ಮಾತೆತ್ತಿದರೆ ಒಂದು ಹುಡುಗಿ ಉಳಿದು ಇನ್ನೊಂದು ಮುಳುಗುತ್ತದೆ. ಎತ್ತದಿದ್ದರೆ ಸುಳ್ಳು ಬರೆದವಳು ಪಾಸಾಗಿ, ನಿಜ ಬರೆದವಳು ಮನೆಗೆ ಹೋಗುತ್ತಾಳೆ. ಸುಳ್ಳು ಬರೆದವಳೂ ನನ್ನ ವಿದ್ಯಾರ್ಥಿನಿಯೇ. ಏನು ಮಾತಾಡಬೇಕೆಂದು ತಿಳಿಯದೆ ನಾನು ನೇರ ಗೋಡೆಯ ಬಳಿ ಹೋಗಿ, ದೇಸಾಯಿ ಸಾಹೇಬರ ನೆತ್ತಿಯ ಮೇಲಿನ ಫ್ಯಾನು ಆರಿಸಿದೆ.

ಚಹಾ ತಂದಿದ್ದ ರಮಣಭಾಯಿ ಬಾಗಿಲಲ್ಲೇ ನಿಂತುಬಿಟ್ಟ. ಮೇ ತಿಂಗಳ ಮಧ್ಯಾಹ್ನ ಬಂದ ಅತಿಥಿಯ ಫ್ಯಾನನ್ನು ಮನೆಯವರೇ ಆರಿಸಿದ್ದನ್ನು ಅವನು ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಸಾಹೇಬರು ತಲೆಯೆತ್ತಿ ನಿಧಾನವಾಗುತ್ತಿದ್ದ ರೆಕ್ಕೆಗಳನ್ನು ನೋಡಿದರು, ಆಮೇಲೆ ನನ್ನನ್ನು.

"ಕ್ಷಮಿಸಿ ಸಾಹೇಬ್," ಎಂದೆ, "ಈ ಹುಡುಗಿಯ ಎರಡನೇ ಹಂತ ಇದರ ಕೆಳಗೆ ನಡೆದಿದೆ."

ಅಷ್ಟೇ ಹೇಳಿದೆ. ಇನ್ನೊಬ್ಬಳ ಹೆಸರೆತ್ತಲಿಲ್ಲ. ಎರಡನೇ ಹಂತವನ್ನು ಮತ್ತೆ ಮಾಡಲು ಶ್ರಾವ್ಯಾಳಿಗೆ ಅವಕಾಶ ಕೊಡಿ, ಸಮಯ ಇನ್ನೂ ಇದೆ ಎಂದು ಕೇಳಿಕೊಂಡೆ. ಅವರು ತಲೆದೂಗಿದರು. ತಲೆದೂಗುತ್ತಲೇ ಅವರ ಕೈ ಆಗಲೇ ನೋಡಿಟ್ಟಿದ್ದ ಹಾಳೆಗಳ ಕಟ್ಟಿನ ಕಡೆ ಸರಿಯಿತು. ಮೂವತ್ತು ವರ್ಷ ಲ್ಯಾಬಿನಲ್ಲಿ ಕಳೆದವರಿಗೆ ಮುಂದಿನ ಪ್ರಶ್ನೆಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅವರು ಹಾಳೆ ತೆಗೆಯುವ ಮೊದಲೇ ಹಿಂದಿನಿಂದ ಸ್ಟೂಲು ಸರಿದ ಸದ್ದಾಯಿತು. ಹಿರಲ್ ಎದ್ದು ನಿಂತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಎಂದು ಯಾರಾದರೂ ನಗಬಹುದು. ನಾನು ಅವಳ ಮುಖ ನೋಡಿದ್ದೇನೆ. ಅವಳು ನೋಡುತ್ತಿದ್ದುದು ಪರೀಕ್ಷಕರನ್ನಲ್ಲ, ಶ್ರಾವ್ಯಾಳನ್ನು. ತನಗೆ ವೆರಿ ಗುಡ್ ಬಂದದ್ದೂ ಗೆಳತಿಗೆ ಮುಖ ಸಣ್ಣದಾದದ್ದೂ ಯಾತಕ್ಕೆ ಎಂದು ಅವಳಿಗೆ ಅರ್ಥವಾದದ್ದು ಫ್ಯಾನು ನಿಂತ ಆ ಕ್ಷಣದಲ್ಲೇ ಇರಬೇಕು.

"ಸಾಹೇಬ್," ಎಂದಳು ಗುಜರಾತಿಯಲ್ಲಿ, "ನಾನೂ ಫ್ಯಾನಿನ ಕೆಳಗೇ ಮಾಡಿದ್ದು. ನನಗೂ ಹಾಗೇ ಬಂದಿತ್ತು."

ದೇಸಾಯಿ ಸಾಹೇಬರು ಇಬ್ಬರ ಗ್ರಾಫುಗಳನ್ನೂ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಇಬ್ಬರನ್ನೂ ಹತ್ತಿರ ಕರೆದರು. ಶ್ರಾವ್ಯಾಳ ಗ್ರಾಫಿನಲ್ಲಿ ಚುಕ್ಕೆಗಳು ಗೆರೆಯ ಆಚೆ ಈಚೆ ಚೆಲ್ಲಿದ್ದವು. ಹಿರಲ್‌ಳದರಲ್ಲಿ ಒಂದೊಂದು ಚುಕ್ಕೆಯೂ ಗೆರೆಯ ಮೇಲೆ ಮಣಿ ಪೋಣಿಸಿದಂತೆ ಕೂತಿತ್ತು. ಬಿಸಿ ಎಂದರೇನು ಎಂದು ಹಿರಲ್‌ಳನ್ನು ಕೇಳಿದರು. ಅಣುಗಳ ಗೊತ್ತುಗುರಿಯಿಲ್ಲದ ಓಡಾಟ ಎಂದು ಅವಳು ತೊದಲಿದಳು. ಹಾಗಿದ್ದರೆ ಇಷ್ಟು ಓಡಾಟವಿರುವ ವಸ್ತುವನ್ನು ಅಳೆದಾಗ ಒಂದು ಚುಕ್ಕೆಯಾದರೂ ಗೆರೆ ತಪ್ಪಬೇಕಲ್ಲವೇ ಎಂದರು. ದನಿ ಎತ್ತರಿಸಲಿಲ್ಲ. ನಾಲ್ಕು ತಿಂಗಳು ನಾನು ಬೋರ್ಡಿನ ಮೇಲೆ ಬರೆದು ಬರೆದು ಹೇಳಿದ್ದು ಆ ಹುಡುಗಿಗೆ ಆ ಹೊತ್ತಿನಲ್ಲಿ ತಿಳಿಯಿತು. ಮುಖ ಮುಚ್ಚಿಕೊಂಡು ಅತ್ತಳು.

ನಿಯಮದ ಪ್ರಕಾರ ಅವರು ಅಲ್ಲೇ ಕಾಪಿ ಕೇಸು ಬರೆಯಬಹುದಿತ್ತು. ನನ್ನಿಂದ ತಡೆಯಲು ಆಗುತ್ತಿರಲಿಲ್ಲ. ಅವರು ಗ್ರಾಫುಗಳಿಂದ ತಲೆಯೆತ್ತಿ ಗಡಿಯಾರ ನೋಡಿದರು. ಆಮೇಲೆ, ಪರೀಕ್ಷೆಯ ಸಮಯ ಮುಗಿದಿಲ್ಲ, ತಾನಾಗಿ ಬಂದು ಹೇಳಿದ್ದಾಳೆ, ಇಬ್ಬರೂ ಎರಡನೇ ಹಂತ ಮತ್ತೆ ಮಾಡಲಿ ಎಂದರು. ಹಿರಲ್ ಹಳೆಯ ಹಾಳೆಯನ್ನು ಹರಿಯಲು ಹೋದಾಗ ತಡೆದರು. ಹರಿಯಬೇಡ, ಒಂದು ಅಡ್ಡಗೆರೆ ಎಳೆದು ಹೊಸದನ್ನು ಪಕ್ಕದಲ್ಲಿ ಹಚ್ಚು, ತಪ್ಪಿದ್ದೂ ಕಾಣುತ್ತಿರಲಿ ಎಂದರು.

ಆ ಮುಂದಿನ ಹೊತ್ತನ್ನು ನೆನೆದರೆ ನನಗೆ ಇಂದಿಗೂ ನಗು ಬರುತ್ತದೆ. ಹೊರಗೆ ಬೆಂಕಿಯಂಥ ಗಾಳಿ, ಅದು ಒಳಗೆ ಬರಬಾರದೆಂದು ಕಿಟಕಿ ಮುಚ್ಚಿಸಿದೆವು. ಫ್ಯಾನಿಲ್ಲ. ಮೂಲೆಯಲ್ಲಿ ಎರಡು ಬಾಯ್ಲರು ಕುದಿಯುತ್ತಿವೆ. ನನ್ನ ಕೋಣೆಯಲ್ಲಿ ಕೂಲರ್ ಇದೆ, ಅಲ್ಲಿ ಕುಳಿತುಕೊಳ್ಳಿ ಎಂದು ಸಾಹೇಬರಿಗೆ ಹೇಳಿದೆ. ಪರೀಕ್ಷಕ ಪರೀಕ್ಷೆಯ ಕೋಣೆಯಲ್ಲೇ ಇರಬೇಕು ಬೆನ್ ಎಂದು, ಕರವಸ್ತ್ರ ಒದ್ದೆ ಮಾಡಿ ಕತ್ತಿಗೆ ಹಾಕಿಕೊಂಡು ಕುಳಿತರು. ಕೆಲಸ ಮುಗಿಸಿದ ಉಳಿದ ಮಕ್ಕಳಿಗೆ ಹೋಗಲು ಹೇಳಿದೆ. ಒಬ್ಬರೂ ಹೋಗಲಿಲ್ಲ. ರಮಣಭಾಯಿ ತನ್ನಿಂದಲೇ ಇದೆಲ್ಲ ಆಯಿತೆಂದು ಪೆಚ್ಚುಮೋರೆ ಹಾಕಿಕೊಂಡು ಸರತಿಯಲ್ಲಿ ಎಲ್ಲರಿಗೂ ನೀರು ಕೊಡುತ್ತಿದ್ದ. ಶ್ರಾವ್ಯಾ ಗಡಿಯಾರ ನೋಡಿ ಸಮಯ ಕೂಗುತ್ತಿದ್ದಳು, ಇಬ್ಬರೂ ತಮ್ಮ ತಮ್ಮ ಥರ್ಮಾಮೀಟರ್ ನೋಡಿ ಬರೆದುಕೊಳ್ಳುತ್ತಿದ್ದರು. ಬೆವರು ಹಾಳೆಯ ಮೇಲೆ ತೊಟ್ಟಿಕ್ಕದಂತೆ ಹಿರಲ್ ದುಪಟ್ಟಾ ಹಣೆಗೆ ಕಟ್ಟಿಕೊಂಡಿದ್ದಳು.

ಶ್ರಾವ್ಯಾಳ ಉತ್ತರ ಈ ಸಲ ಪುಸ್ತಕದ್ದಕ್ಕೆ ಹತ್ತಿರ ಬಂತು. ಹಿರಲ್‌ಳದು ಸ್ವಲ್ಪ ದೂರವೇ ಉಳಿಯಿತು. ಅವಳು ಒಂದು ಸಲ ರಬ್ಬರಿನ ಕಡೆ ನೋಡಿದಳು. ಆಮೇಲೆ ಬಂದದ್ದನ್ನು ಬಂದ ಹಾಗೇ ಬರೆದು ತಂದುಕೊಟ್ಟಳು. ದೇಸಾಯಿ ಸಾಹೇಬರು ಈ ಬಾರಿ ಅವಳನ್ನು ಸರಿಯಾಗಿ ಪ್ರಶ್ನಿಸಿದರು. ಅಂಕ ಬಿಗಿಯಾಗಿಯೇ ಕೊಟ್ಟರು, ಆದರೆ ಪಾಸ್ ಮಾಡಿದರು. ಶ್ರಾವ್ಯಾಳಿಗೆ ಎಷ್ಟು ಕೊಟ್ಟರೆಂದು ನಾನು ಹೇಳಬಾರದು. ಅವರು ಅಷ್ಟು ಕೊಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಸಂಜೆ ಅವರನ್ನು ಸ್ಟೇಷನ್ನಿಗೆ ಕಳಿಸಲು ಗೇಟಿನ ತನಕ ಹೋದೆ. ಫ್ಯಾನು ಆರಿಸಿದ್ದಕ್ಕೆ ಇನ್ನೊಮ್ಮೆ ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಬೇರೇನೋ ಯೋಚನೆಯಲ್ಲಿದ್ದರು. ಆಟೊ ಬಂದು ನಿಂತ ಮೇಲೆ ಹೇಳಿದರು.

"ಉತ್ತರ ತಪ್ಪಿದವರನ್ನು ನಾನು ಯಾವತ್ತೂ ಬಿಟ್ಟಿಲ್ಲ ಬೆನ್, ಕಾರಣ ಕೇಳಿದ್ದೇನೆ. ಸರಿ ಬಂದವರನ್ನು ಒಬ್ಬರನ್ನೂ ಕೇಳಿಲ್ಲ."

ಆಟೊ ಹೋಯಿತು. ಆ ಮಾತು ನನ್ನ ಹತ್ತಿರವೇ ಉಳಿಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರನ್ನು ಕಂಡು ನಗುತ್ತೇವೆ. ಉತ್ತರ ಪುಸ್ತಕದಂತೆ ಬಂತು ಎಂದರೆ ವೆರಿ ಗುಡ್ ಎನ್ನುವ ನಾವು ಮಾಡುವುದೂ ಅದನ್ನೇ ಅಲ್ಲವೇ. ಮಕ್ಕಳಿಗೆ ಸುಳ್ಳು ಬರೆಯಲು ವಿಡಿಯೊ ಕಲಿಸಿತು, ಮೊಬೈಲು ಕಲಿಸಿತು ಎಂದು ಎರಡು ವರ್ಷದಿಂದ ನಾವು ಸ್ಟಾಫ್ ರೂಮಿನಲ್ಲಿ ಹಲುಬುತ್ತಿದ್ದೆವು. ನಾವು ಯಾರನ್ನು ಕೂರಿಸಿ ಕೇಳುತ್ತೇವೆ, ಯಾರನ್ನು ಕೇಳದೆ ಬಿಡುತ್ತೇವೆ ಎಂಬುದನ್ನು ನೋಡಿಯೇ ಮಕ್ಕಳು ಕಲಿಯುತ್ತಾರೆ. ಉಳಿದ ಎರಡು ವರ್ಷ ನನ್ನ ಲ್ಯಾಬಿನಲ್ಲಿ ಮೊದಲ ಪ್ರಶ್ನೆ ಉತ್ತರ ಸರಿ ಬಂದವರಿಗೇ ಬೀಳುತ್ತಿತ್ತು. ಇದು ಹೇಗೆ ಇಷ್ಟು ಸರಿಯಾಗಿ ಬಂತು, ವಿವರಿಸು ಎನ್ನುತ್ತಿದ್ದೆ. ಮೊದಮೊದಲು ಮಕ್ಕಳಿಗೆ ಈ ಮುದುಕಿಗೆ ತಲೆ ಕೆಟ್ಟಿದೆ ಎನ್ನಿಸಿರಬೇಕು. ಬರಬರುತ್ತ ಚುಕ್ಕೆಗಳು ಗೆರೆಯಿಂದ ಆಚೆ ಈಚೆ ಬೀಳತೊಡಗಿದವು, ನನಗೆ ಸಮಾಧಾನವಾಗತೊಡಗಿತು.

ಈಗ ನಿವೃತ್ತಿಯಾಗಿದೆ. ಅಹಮದಾಬಾದಿನ ವಸ್ತ್ರಾಪುರದಲ್ಲಿ ಕೆರೆಯ ಹತ್ತಿರ ಒಂದು ಫ್ಲ್ಯಾಟಿನಲ್ಲಿ ಇದ್ದೇವೆ. ಶ್ರಾವ್ಯಾ ಇದೇ ಊರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಭಾನುವಾರ ಬಂದರೆ ಇಬ್ಬರೂ ಕೆರೆ ಸುತ್ತುತ್ತೇವೆ. ಅವಳ ಕನ್ನಡ ಸುಧಾರಿಸಿದೆ, ಈಗೀಗ ನನ್ನ ಧಾರವಾಡದ ಮಾತಿಗೂ ತಿರುಗಿ ಉತ್ತರ ಕೊಡುತ್ತಾಳೆ. ಹಿರಲ್ ಸೂರತ್ತಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಅವಳು ಫೋನ್ ಮಾಡುವುದು ದೀಪಾವಳಿಗೊಮ್ಮೆ, ಗುರುಪೂರ್ಣಿಮೆಗೊಮ್ಮೆ.

ಕಳೆದ ಚಳಿಗಾಲದಲ್ಲಿ ಹಬ್ಬವಿಲ್ಲದ ದಿನ ಅವಳ ಫೋನು ಬಂತು. ಹಿಂದೆ ಯಂತ್ರಗಳ ಗದ್ದಲ, ಯಾರೋ ಕೂಗಾಡುತ್ತಿದ್ದರು. ಏನಾಯಿತೆಂದು ಗಾಬರಿಯಿಂದ ಕೇಳಿದೆ. ಬಣ್ಣದ ತೊಟ್ಟಿಯ ಉಷ್ಣತೆಯ ರೀಡಿಂಗುಗಳು ಬೆಳಿಗ್ಗೆಯಿಂದ ಒಂದೇ ಸಮನೆ, ಒಂದು ಡಿಗ್ರಿಯೂ ಆಚೀಚೆ ಆಗದೆ, ಬೇಕಾದಷ್ಟೇ ಬಂದಿದ್ದವಂತೆ. ಅವಳು ಸಹಿ ಹಾಕಲಿಲ್ಲ. ತೊಟ್ಟಿಯನ್ನು ನಿಲ್ಲಿಸಿ ಕೈಯಲ್ಲಿ ಥರ್ಮಾಮೀಟರ್ ಹಿಡಿದು ಅಳೆದು ನೋಡಿದರೆ, ಅಳೆಯುವ ಸೆನ್ಸರ್ ಕೆಟ್ಟು ಕೂತಿತ್ತು. ಅಷ್ಟೊತ್ತು ಕೆಲಸ ನಿಲ್ಲಿಸಿದ್ದಕ್ಕೆ ಮ್ಯಾನೇಜರ್ ಇನ್ನೂ ಕೂಗಾಡುತ್ತಿದ್ದಾರೆ, ಬೈದರೆ ಬೈಯಲಿ, ಯಾರಿಗಾದರೂ ಹೇಳಬೇಕೆನ್ನಿಸಿತು, ನಿಮಗೆ ಮಾಡಿದೆ ಎಂದಳು.

ಸಹಿ ಹಾಕದಿರಲು ಹೇಗೆ ತೋಚಿತು ನಿನಗೆ ಎಂದು ಕೇಳಿದೆ.

"ಎಲ್ಲವೂ ಸರಿಯಾಗಿತ್ತು ಮೇಡಂ," ಎಂದಳು ಹಿರಲ್, "ಅದಕ್ಕೇ ಹೆದರಿಕೆಯಾಯಿತು."